ಕೆರೆಗೆ ಬಿಟ್ಟ ಪುಣ್ಯ

ಸೆಪ್ಟೆಂಬರ್ 3, ಮಂಗಳವಾರ

ಹೇಸಿಗೆಯಾಗಿ ಹೋಗಿದೆ. ಬೆಳಗ್ಗೆ ಆರಕ್ಕೇ ಕಿಟಕಿಗಳನ್ನೆಲ್ಲ ಮುಚ್ಚಿದೆ, ಆದರೂ ಕೆರೆಯ ನಾತ ಅಡುಗೆಮನೆಗೆ ಬಂದು ಚಾಪೆ ಹಾಸಿ ಕೂತಿತ್ತು. ಸಾರಿನ ಬಟ್ಟಲನ್ನು ಮೂಗಿನ ಹತ್ತಿರ ತಂದರೂ ಅದೇ ವಾಸನೆ. ಇವರು ಮಾತ್ರ ಎರಡು ಬಟ್ಟಲು ಹೀರಿ, ಬಾಯಿ ಒರೆಸಿಕೊಂಡು ಪೂಜೆಗೆ ಹೋದರು. ಮೂವತ್ತು ವರ್ಷ ಊದುಬತ್ತಿ ಹೊಗೆ ಕುಡಿದ ಮೂಗಿಗೆ ಏನು ತಿಳಿಯಬೇಕು.

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಬುದ್ಧನ ಗುಡಿಯ ಗುರುಗಳ ಹೆಂಡತಿ ಬಾಯಿಬಿಟ್ಟು ಬೈದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ಉಗಿಯಬೇಕಾದ್ದನ್ನು ಈ ಪುಸ್ತಕದಲ್ಲಿ ಉಗಿಯುತ್ತೇನೆ.

ಇವತ್ತು ನೀರಿನ ಸಂಘದ ಹಿರಿಯ ಮಿಯಾತಾಕೆ ಬಂದಿದ್ದರು. ಜೊತೆಗೆ ನಗರಸಭೆಯ ಪರಿಸರ ವಿಭಾಗದ ಮನಾಬೆ ಎಂಬ ಹೆಂಗಸು. ಗುಡಿಯ ಮೆಟ್ಟಿಲ ಕೆಳಗಿನ ಕೆರೆ ಅರ್ಧ ನಮ್ಮದು, ಅರ್ಧ ಗದ್ದೆಯವರದು. ನಾನು ಮದುವೆಯಾಗಿ ಬಂದಾಗ ಅದರಲ್ಲಿ ನೀರು ಕಾಣದಷ್ಟು ತಾವರೆ ಎಲೆ ಇತ್ತು. ಏಳು ವರ್ಷದಿಂದ ಒಂದು ಎಲೆಯೂ ಇಲ್ಲ, ಚಿಗುರು ಬರುವ ಮೊದಲೇ ಆಮೆಗಳು ಮುಗಿಸುತ್ತವೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ, ಎಲ್ಲಿಂದಲೋ ಹಡಗಿನಲ್ಲಿ ಬಂದ ಜಾತಿ. ಬಿಸಿಲು ಬಂತೆಂದರೆ ಕಲ್ಲಿನ ಮೇಲೆ ಒಂದರ ಮೇಲೊಂದು ಹತ್ತಿ ಕತ್ತು ಚಾಚಿಕೊಂಡು ಕೂರುತ್ತವೆ. 

"ಮೊಟ್ಟೆ ಇಡೋಕೆ ಅಂತ ಏರಿ ತುಂಬ ಗುಂಡಿ ತೋಡಿವೆ, ಗುರುಗಳೇ," ಎಂದರು ಮಿಯಾತಾಕೆ. "ನಾಟಿ ಮಾಡಿದ ಪೈರೂ ಉಳಿಸಲ್ಲ. ನೀವು ಗುಡಿಯವರು ಮೇಲಿಂದ ಪುಣ್ಯ ಬಿಟ್ರಿ, ನಮ್ಮ ಗದ್ದೆಗೆ ಬೇರೆ ಏನೋ ಹರ್ಕೊಂಡು ಬಂತು."

ಮನಾಬೆ ಹೇಳಿದ್ದು ಇಷ್ಟು. ಅಕ್ಟೋಬರಿನಲ್ಲಿ ಕೊಯ್ಲು ಮುಗಿದ ಮೇಲೆ ತೂಬು ತೆಗೆದು ಕೆರೆ ಬರಿದು ಮಾಡುವುದು. ಕೆಂಪುಪಟ್ಟೆಯವನ್ನೆಲ್ಲ ಹಿಡಿದು ನಗರಸಭೆಯ ಶೆಡ್ಡಿಗೆ ಒಯ್ದು ತಣ್ಣಗೆ ಮಾಡಿ ಫ್ರೀಜರಿಗೆ ಹಾಕುವುದು. ನಮ್ಮ ನಾಡಿನ ಕಲ್ಲಾಮೆ ಸಿಕ್ಕರೆ ಅದನ್ನು ಮಾತ್ರ ವಾಪಸು ಬಿಡುವುದು. ಅದಕ್ಕೆ ಗುಡಿಯ ಮೊಹರು ಬೇಕು.

ಇವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಜೀವಹಿಂಸೆ ಗುಡಿಯಲ್ಲಿ ಆಗಬಾರದು, ಆದರೆ ಗದ್ದೆಯವರ ಕಷ್ಟವೂ ದೊಡ್ಡದು, ಯೋಚಿಸಬೇಕು, ಎಂದರು. ಯೋಚಿಸುತ್ತ ಒಂದು ಚಹಾ ಆಯಿತು, ಎರಡು ಚಹಾ ಆಯಿತು. ನಾನು ಒಳಗೆ ಹೋಗಿ ಮೊಹರು ತಂದು, ಇವರ ಕಣ್ಣೆದುರಿಗೇ ಕಾಗದದ ಮೇಲೆ ಒತ್ತಿದೆ.  ಪಕ್ಕದ ಕೋಣೆಯಿಂದ ಅತ್ತೆ, "ಯಾರನ್ನ ಕೇಳಿ ಒತ್ತಿದ್ಳಂತೆ?" ಎಂದರು.

ಅತ್ತೆಗೆ ಎಂಬತ್ತೈದು. ಈ ಆಮೆಗಳೆಲ್ಲ ಅವರದೇ. ಶರತ್ಕಾಲದ ಹುಣ್ಣಿಮೆಗೆ ಹಿಡಿದ ಜೀವವನ್ನು ನೀರಿಗೆ ಬಿಟ್ಟರೆ ಸತ್ತವರಿಗೆ ಪುಣ್ಯ ಎಂದು ಗುಡಿಯಲ್ಲಿ ಮೊದಲಿನಿಂದಲೂ ಮೀನು ಬಿಡುತ್ತಿದ್ದರು. ಬಿಟ್ಟ ಮೀನನ್ನು ಕೊಕ್ಕರೆ ಅಲ್ಲೇ ನುಂಗುತ್ತಿತ್ತು, ಪುಣ್ಯ ಅಲ್ಲಿಗೇ ಮುಗಿಯುತ್ತಿತ್ತು. ಐವತ್ತು ವರ್ಷದ ಹಿಂದೆ ಅತ್ತೆಗೆ ಒಂದು ಯೋಚನೆ ಹೊಳೆಯಿತು. ಆಮೆಗೆ ಹತ್ತು ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಆಮೆಯನ್ನೇ ಬಿಟ್ಟರೆ? ಪೇಟೆಯಲ್ಲಿ ಪ್ರಾಣಿ ಮಾರುವವನು ಹೆಬ್ಬೆರಳಿನಷ್ಟು ಹಸಿರು ಮರಿಗಳನ್ನು ತೋರಿಸಿ, ಇವು ಎಷ್ಟು ವರ್ಷವಾದರೂ ಇಷ್ಟೇ ಇರುತ್ತವೆ ಎಂದನಂತೆ. ಅತ್ತೆ ನಂಬಿದರು. ಅಲ್ಲಿಂದ ಮೂವತ್ತು ವರ್ಷ ಊರಿನವರೆಲ್ಲ ಅವನ್ನೇ ಬಿಟ್ಟರು. ಅದರಲ್ಲೂ ಹೊಟ್ಟೆಯಲ್ಲೇ ಮಗು ಕಳೆದುಕೊಂಡ ಹೆಂಗಸರು. ಆಮೆಯ ಆಯಸ್ಸು ಆ ಮಗುವಿಗೆ ಸೇರುತ್ತದಂತೆ. ಈಗ ಒಂದೊಂದೂ ಊಟದ ತಟ್ಟೆಯಷ್ಟಾಗಿದೆ.

ಸೆಪ್ಟೆಂಬರ್ 5, ಗುರುವಾರ

ಸುದ್ದಿ ಹಬ್ಬಿದೆ. ಮಧ್ಯಾಹ್ನ ಕಿನು ಅಮ್ಮ ಬಂದರು. ಊದೋನ್ ಎಂಬ ದಪ್ಪ ಶಾವಿಗೆಯ ಅಂಗಡಿಯಲ್ಲಿ ನಲವತ್ತು ವರ್ಷ ಕಾಲಲ್ಲಿ ಹಿಟ್ಟು ತುಳಿದು ನಾದಿದವರು, ಎಪ್ಪತ್ತಾರು ಆದರೂ ಕಾಲು ಗಟ್ಟಿ. ದಿನಾ ನಾಲ್ಕು ಗಂಟೆಗೆ ಬಂದು ಕೆರೆ ಅಂಚಿನಲ್ಲಿ ಕೂತು ಬ್ರೆಡ್ಡಿನ ಅಂಚು ಎಸೆಯುತ್ತಾರೆ. ಇವತ್ತು ಕೆರೆಗೆ ಹೋಗದೆ ನೇರ ಅಡುಗೆಮನೆ ಬಾಗಿಲಿಗೆ ಬಂದರು.

"ಗುಡಿಯಮ್ಮಾ, ಎಲ್ಲಾನೂ ಹಿಡ್ಕೊಂಡು ಹೋಗ್ಲಿ. ನಂದೊಂದು ಬಿಟ್ಬಿಡೋಕೆ ಹೇಳ್ತೀರಾ?"

"ನಿಮ್ಮದು ಯಾವುದು?"

"ಎಡಗಣ್ಣು ಸ್ವಲ್ಪ ಮಂಕು. ಬ್ರೆಡ್ ತೋರಿಸಿದ್ರೆ ಮೊದ್ಲು ಬರೋದು ಅದೇ. ಎಂಬತ್ತನಾಲ್ಕರಲ್ಲಿ ಬಿಟ್ಟಿದ್ದು. ಆಮೇಲೆ ನಂಗೆ ಬೇರೆ ಆಗ್ಲಿಲ್ಲ."

ನನಗೆ ಮೈ ಜುಮ್ಮೆಂದಿತು. ಕನಿಕರದಿಂದ ಅಲ್ಲ, ಅಸಹ್ಯದಿಂದ. ಕೆಸರು ತಿನ್ನುವ ಪ್ರಾಣಿಯನ್ನು ಮಗು ಅಂದುಕೊಂಡು ನಲವತ್ತು ವರ್ಷ ಬ್ರೆಡ್ ಎಸೆಯುವುದು. ಆದರೂ ಬಾಯಿ ಬೇರೆ ಏನೋ ಹೇಳಿತು.

"ಕೆರೆಗೆ ಮತ್ತೆ ಬಿಡೋ ಹಾಗಿಲ್ಲ ಕಿನು ಅಮ್ಮ, ಹೋದ ವರ್ಷದಿಂದ ಕಾನೂನು. ಮನೆಗೆ ಒಯ್ದು ಸಾಕೋದಾದ್ರೆ ಸಾಕ್ಬಹುದು."

"ಸಾಕ್ತೀನಿ. ಬಚ್ಚಲಲ್ಲಿ ಇಟ್ಕೋತೀನಿ. ನಾನು ಎಷ್ಟು ಸಲ ಸ್ನಾನ ಮಾಡ್ತೀನಿ ಹೇಳಿ. ನೀವು ಹುಡುಕಿ ಕೊಡ್ತೀರಾ?"

ಕೊಡುತ್ತೇನೆ ಎಂದೆ. ಮಾತು ಕೊಟ್ಟಾಗಿದೆ. ನೂರಾರು ಆಮೆಗಳಲ್ಲಿ ಎಡಗಣ್ಣು ಮಂಕಾದ ಒಂದನ್ನು ಹುಡುಕಬೇಕು. ಅದೂ ನಾನು, ಆ ಕೆರೆಗೆ ಬೆರಳು ಅದ್ದದವಳು.

ಸೆಪ್ಟೆಂಬರ್ 10, ಮಂಗಳವಾರ

ಕಲ್ಲಿನ ಮೇಲಿದ್ದವನ್ನು ದೂರದಿಂದ ನೋಡಿದೆ. ಎಲ್ಲದರ ಕಣ್ಣೂ ಮಂಕೇ.

ಸೆಪ್ಟೆಂಬರ್ 17, ಮಂಗಳವಾರ

ಹುಣ್ಣಿಮೆ. ಜೀವವನ್ನು ನೀರಿಗೆ ಬಿಡುವ ಪೂಜೆ. ಬಿಡಲು ಏನೂ ಇಲ್ಲ. ಇವರು ಎರಡು ವಾರ ಯೋಚಿಸಿ ಹುಡುಕಿದ ಉಪಾಯ ಏನೆಂದರೆ ಕಾಗದದ ಆಮೆ. ನೀರಿನಲ್ಲಿ ಕರಗುವ ಕಾಗದವಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಕಾಗದಕ್ಕೆ ಜೀವ ಇದ್ಯೇನೋ ಶೂಕೈ?" ಎಂದರು ಅತ್ತೆ ಮಗನಿಗೆ. "ಕಾಗದ ಬಿಟ್ರೆ ಕಾಗದದ ಪುಣ್ಯ ಬರುತ್ತೆ. ಒದ್ದೆ ಆದ್ರೆ ಹರಿದೋಗುತ್ತೆ."

ನಾಲ್ಕು ಗಂಟೆಗೆ ನಲವತ್ತು ಜನ ಸೇರಿ ನಲವತ್ತು ಕಾಗದದ ಆಮೆ ಬಿಟ್ಟರು. ಇವರು ಮಂತ್ರ ಹೇಳುತ್ತಿದ್ದಾಗಲೇ ಕೆಳಗಿನಿಂದ ನಿಜವಾದ ಆಮೆಗಳು ಬಂದು ಕಾಗದದವನ್ನು ತಿಂದುಬಿಟ್ಟವು. ನಾನು ಕೈ ಮುಗಿದುಕೊಂಡು, ಹಲ್ಲು ಕಚ್ಚಿ, ನಗು ತಡೆದೆ. ಇವರು ಕಣ್ಣು ಮುಚ್ಚಿದ್ದರಿಂದ ಬಚಾವು.

ಎಲ್ಲರೂ ಹೋದ ಮೇಲೆ ಒಬ್ಬ ಬಂದ. ನಮ್ಮ ಊರಿನವನಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಕೆಟ್, ಬಕೆಟ್ಟಿನ ಮೇಲೆ ಒಗೆದು ಮಡಿಸಿದ ಟವೆಲ್. ನೀರಿನ ಅಂಚಿಗೆ ಹೋಗಿ ಬಕೆಟ್ ಬಾಗಿಸುತ್ತಿದ್ದ.

"ಏನದು?" ಎಂದೆ.

"ಮಗಳು ಸಾಕಿದ್ದು. ಮದುವೆಯಾಗಿ ಹೋದಳು. ಇವತ್ತು ಬಿಡೋ ದಿನ ಅಂತ ಕೇಳಿ ಬಂದೆ. ಗುಡಿಯಲ್ಲಾದ್ರೆ ಇದಕ್ಕೂ ಒಳ್ಳೇದಾಗುತ್ತೆ ಅಂತ."

"ಇದಕ್ಕೆ ಇಲ್ಲಿ ಆಗೋ ಒಳ್ಳೇದು ಅಂದ್ರೆ ಇನ್ನೊಂದು ತಿಂಗಳಿಗೆ ಫ್ರೀಜರ್. ನಿಮಗೆ ಆಗೋದು ಪೊಲೀಸ್. ಎತ್ಕೊಂಡು ನಡೀರಿ."

ಅವನು ಸೊಂಟ ಬಗ್ಗಿಸಿ ನಾಲ್ಕು ಸಲ ಕ್ಷಮೆ ಕೇಳಿದ. ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಗ್ಗಿದ. ಐದನೇ ಸಲ ಬಗ್ಗುವ ಹೊತ್ತಿಗೆ ಕಾರಿನ ಹತ್ತಿರ ತಲುಪಿದ್ದ. ಬಕೆಟ್ ನನ್ನ ಕಾಲ ಬಳಿಯೇ ಇತ್ತು. ಅದು ಉರುಳಿ, ಒಳಗಿದ್ದದ್ದು ಹೊರಗೆ ಬಂದು, ನೆಟ್ಟಗೆ ನೀರಿನ ಕಡೆಗೆ ನಡೆಯತೊಡಗಿತು. ಸುತ್ತ ಯಾರೂ ಇರಲಿಲ್ಲ. ನಾನೇ ಬಗ್ಗಿ ಎರಡೂ ಕೈಯಲ್ಲಿ ಹಿಡಿದೆ.

ಅದು ಉಗುರಿನಿಂದ ಮಣಿಕಟ್ಟು ಕೆರೆಯಿತು, ಆಮೇಲೆ ನನ್ನ ಎದೆಯ ಮೇಲೆಲ್ಲ ಉಚ್ಚೆ ಹೊಯ್ಯಿತು. ಬೆಚ್ಚಗಿತ್ತು. ಬಕೆಟ್ಟಿಗೆ ಹಾಕಿ, ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಕಲ್ಲಿಟ್ಟು, ಮನಾಬೆಗೆ ಫೋನ್ ಮಾಡಿದೆ. ಕೈಯನ್ನು ಆರು ಸಲ ಸೋಪು ಹಾಕಿ ತೊಳೆದೆ. ಈಗಲೂ ಪೆನ್ನು ಹಿಡಿದರೆ ಅದೇ ವಾಸನೆ.

ಸೆಪ್ಟೆಂಬರ್ 22, ಭಾನುವಾರ

ಹಗಲು ಇರುಳು ಸಮವಾಗುವ ದಿನ. ಊರಿನವರೆಲ್ಲ ಸಮಾಧಿ ತೊಳೆಯಲು ಬರುತ್ತಾರೆ. ಬೆಳಗ್ಗೆಯಿಂದ ಅತ್ತೆಯೂ ನಾನೂ ಅನ್ನದುಂಡೆಗೆ ಕೆಂಪು ಕಾಳಿನ ಹೂರಣ ಮೆತ್ತುತ್ತ ಕೂತಿದ್ದೆವು. ನೂರಿಪ್ಪತ್ತು ಉಂಡೆ. ಅಷ್ಟು ಹೊತ್ತು ಅತ್ತೆ ಸುಮ್ಮನಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಗೊತ್ತಿರಬೇಕಿತ್ತು.

"ಹೂರಣ ದಪ್ಪ ಆಯ್ತು," ಎಂದರು.

"ಹೋದ ವರ್ಷ ತೆಳು ಅಂದಿದ್ರಿ."

"ಹೋದ ವರ್ಷ ತೆಳು ಆಗಿತ್ತು." ಇನ್ನೊಂದು ಉಂಡೆ ಕೈಗೆತ್ತಿಕೊಂಡು, ತಲೆ ಎತ್ತದೆ, "ಮೊಹರು ಒತ್ತೋವಾಗ ನಿನಗೆ ನೆನಪಾಗ್ಲಿಲ್ವಾ, ಕಾಯಾನೊ? ನಿಂದೂ ಒಂದು ಆ ಕೆರೇಲೇ ಇದೆ."

ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗೆ ಇಟ್ಟೆ. ಎಸೆಯಲಿಲ್ಲ, ಇಟ್ಟೆ. ಏಪ್ರನ್ ಬಿಚ್ಚಿ ಹೊರಗೆ ಬಂದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಈ ಮನೆಯಲ್ಲಿ ಸೊಸೆಯ ಕಾಲ ಬರುವ ಹೊತ್ತಿಗೆ ಸೊಸೆಗೂ ಮುಪ್ಪು.

ಬರೆದೇ ಬಿಡುತ್ತೇನೆ. ತೊಂಬತ್ತೇಳನೇ ಇಸವಿ. ಆಗ ನನಗೆ ಇಪ್ಪತ್ತೇಳು. ಆರನೇ ತಿಂಗಳಲ್ಲಿ ಹೊಟ್ಟೆಯಲ್ಲಿದ್ದದ್ದು ಬಿದ್ದುಹೋಯಿತು. ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿದವರು ಇವರು, ಸುಡಲು ಒಯ್ದವರು ಇವರು, ಮಂತ್ರ ಹೇಳಿದವರೂ ಇವರೇ. ಊರಿಗೆಲ್ಲ ಸಾವಿನ ಮಾತು ಸಮಾಧಾನವಾಗಿ ಹೇಳಬಲ್ಲ ಮನುಷ್ಯ ಮನೆಗೆ ಬಂದು, ನನ್ನೆದುರು ಕೂತು, ಮಳೆ ಬರಬಹುದು ಎಂದರು. ನಾನು ಹದಿಮೂರು ದಿನ ಮಲಗಿದ ಕೋಣೆಯಿಂದ ಏಳಲಿಲ್ಲ. ಹದಿನಾಲ್ಕನೇ ದಿನ ಹುಣ್ಣಿಮೆ. ಅತ್ತೆ ಬಂದು ತೋಳು ಹಿಡಿದು ಎಬ್ಬಿಸಿ, ಬಟ್ಟೆ ಉಡಿಸಿ, ಮೆಟ್ಟಿಲು ಇಳಿಸಿ, ಎಲ್ಲರೆದುರು ನನ್ನ ಅಂಗೈ ಬಿಡಿಸಿ ಅದನ್ನು ಇಟ್ಟರು. ಒದ್ದೆ, ತಣ್ಣಗೆ, ಹಸಿರು. ನಾಲ್ಕೂ ಕಾಲಿನಿಂದ ಅಂಗೈ ಕೆರೆಯುತ್ತಿತ್ತು.

"ಬಿಡು. ಅದರ ಆಯಸ್ಸು ಮಗುವಿಗೆ ಸೇರ್ಲಿ," ಎಂದರು.

ಬಿಡಲಿಲ್ಲ. ಎಸೆದೆ. ಜೇಡವನ್ನು ಕೊಡವುವ ಹಾಗೆ ಕೊಡವಿದೆ. ಅದು ಕಲ್ಲಿಗೆ ತಾಗಿ ನೀರಿಗೆ ಬಿತ್ತು. ಎಲ್ಲರೂ ಕೈ ಮುಗಿದರು. ಅವತ್ತಿನಿಂದ ಮೊನ್ನೆ ಆ ಬಕೆಟ್ಟಿನವನು ಬರುವವರೆಗೂ ನಾನು ಕೆರೆಯ ಅಂಚಿಗೆ ಹೋಗಿರಲಿಲ್ಲ. ಆಮೇಲೆ ಮಕ್ಕಳಾಗಲಿಲ್ಲ. ಅತ್ತೆಯೂ ಆ ಮಾತು ಎತ್ತಲಿಲ್ಲ, ಇವತ್ತಿನವರೆಗೂ.

ನನ್ನ ಮಗುವಿಗೆ ಆಮೆಯ ಆಯಸ್ಸು ಬೇಡ. ಬೇಕಾಗಿರಲಿಲ್ಲ. ಅವನ್ನು ಒಂದೂ ಬಿಡದೆ ಹಿಡಿದು ಒಯ್ಯಲಿ.

ಅಕ್ಟೋಬರ್ 2, ಬುಧವಾರ

ಅತ್ತೆಯೂ ನಾನೂ ಹತ್ತು ದಿನದಿಂದ ಉಪ್ಪು, ಚಹಾ, ಸ್ನಾನದ ನೀರು, ಇಷ್ಟೇ ಮಾತು. ಇವರು ಇಬ್ಬರ ನಡುವೆ ಕೂತು ಊಟ ಮಾಡುತ್ತ ಗದ್ದೆ ಚೆನ್ನಾಗಿ ಬಂದಿದೆ ಎನ್ನುತ್ತಾರೆ.

ಅಕ್ಟೋಬರ್ 14, ಸೋಮವಾರ

ತೂಬು ತೆಗೆದರು. ಮಿಯಾತಾಕೆ ಹಳೆಯ ಕಾಲದವರಂತೆ ಮೊದಲು ತೂಬಿಗೆ ಸಾಕೆ ಮದ್ಯ ಹನಿಸಿ, ಉಳಿದದ್ದನ್ನು ತಾವು ಕುಡಿದರು. ಸಂಜೆಗೆ ನೀರು ಮೊಣಕಾಲಿನಷ್ಟು ಇಳಿದಿತ್ತು. ಕಲ್ಲುಗಳ ಬುಡದಲ್ಲಿ ಹಸಿರು ಲೋಳೆ ಜೋತುಬಿದ್ದಿದೆ. ನಾತ ಇಮ್ಮಡಿಯಾಗಿದೆ. ಒಗೆದು ಹಾಕಿದ ಬಟ್ಟೆಯನ್ನು ಮತ್ತೆ ಒಗೆಯಬೇಕಾಯಿತು.

ಅಕ್ಟೋಬರ್ 17, ಗುರುವಾರ

ಕಿನು ಅಮ್ಮ ಈಗಲೂ ನಾಲ್ಕಕ್ಕೆ ಬರುತ್ತಾರೆ. ನೀರು ದೂರ ಸರಿದಿದೆ, ಬ್ರೆಡ್ ಕೆಸರಿನಲ್ಲಿ ಬೀಳುತ್ತದೆ. "ಬಚ್ಚಲು ತೊಳೆದಿಟ್ಟಿದ್ದೀನಿ," ಎಂದರು. ನಾನು ಹೂಂ ಎಂದೆ.

ಅಕ್ಟೋಬರ್ 19, ಶನಿವಾರ

ಬೆನ್ನು ಮುರಿದಿದೆ, ಆದರೂ ಬರೆಯದೆ ಮಲಗಲು ಆಗುವುದಿಲ್ಲ.

ಎಂಟು ಗಂಟೆಗೆ ಎಪ್ಪತ್ತು ಜನ. ಎದೆಯವರೆಗೆ ಬರುವ ರಬ್ಬರಿನ ಉಡುಪು ತೊಟ್ಟು, ಹಗ್ಗ ಹಿಡಿದು ಹೂಳಿಗೆ ಇಳಿದರು. ಟಿವಿಯವರೂ ಬಂದಿದ್ದರು. ಕ್ಯಾಮೆರಾದ ಎದುರು ಒಬ್ಬೊಬ್ಬನೂ ಆಮೆ ಎತ್ತಿ ಹಿಡಿದು ಹಲ್ಲು ಕಿರಿದ. ನನಗೆ ಒಬ್ಬೊಬ್ಬನ ಬಾಯಿಗೂ ಹೂಳು ತುಂಬಬೇಕು ಅನಿಸಿತು. ಇವರು ಏರಿಯ ಮೇಲೆ ಚಾಪೆ ಹಾಕಿ, ಬಿಳಿ ಮುಖಗವಸು ಕಟ್ಟಿಕೊಂಡು ಮಂತ್ರ ಹೇಳುತ್ತ ಕೂತಿದ್ದರು.

ನನ್ನ ಕೆಲಸ ಊಟ ಬಡಿಸುವುದು. ಆದರೆ ನೀಲಿ ಪೆಟ್ಟಿಗೆಗಳು ತುಂಬುತ್ತ ಬಂದಂತೆ ನನಗೆ ದಿಗಿಲಾಯಿತು. ಎಲ್ಲವೂ ಕೆಸರಿನ ಮುದ್ದೆಗಳು, ಯಾವುದಕ್ಕೆ ಕಣ್ಣು, ಯಾವುದಕ್ಕೆ ಬಾಲ ಎಂದೇ ತಿಳಿಯದು. ಊಟದ ಪಾತ್ರೆಯನ್ನು ಮಿಯಾತಾಕೆಯವರ ಹೆಂಡತಿಗೆ ಕೊಟ್ಟು, ಕೊಳಾಯಿ ಪೈಪು ಎಳೆದು ತಂದು, ಒಂದೊಂದನ್ನೇ ಎತ್ತಿ ಮುಖ ತೊಳೆದು ನೋಡತೊಡಗಿದೆ. ಸತ್ತ ಎಲೆ, ಜಿಗಣೆ, ಕೊಳೆತ ಮೀನಿನ ಚೂರು. ಒಂದು ನನ್ನ ತೋಳು ಕಚ್ಚಿತು. ಮತ್ತೊಂದು ಬಾಯಿ ತೆರೆದು ಹಾವಿನಂತೆ ಬುಸುಗುಟ್ಟಿತು. ಎರಡು ಸಲ ಪೊದೆಯ ಹಿಂದೆ ಹೋಗಿ ವಾಂತಿ ಮಾಡಿ ಬಂದೆ.

"ಅಮ್ಮಾವ್ರೇ, ಏನು ಮುಖ ತೊಳಿಸ್ತಿದ್ದೀರಿ, ಮದುವೆಗೆ ಕಳಿಸ್ತೀರಾ?" ಎಂದರು ಮಿಯಾತಾಕೆ.

"ನಿಮ್ಮ ಮುಖಾನೂ ತೊಳಿಸ್ಲಾ?" ಎಂದೆ. ಅವರು ನಕ್ಕು ಹೋದರು.

ಮೂರು ಗಂಟೆಗೆ ಲೆಕ್ಕ ಮುಗಿಯಿತು. ಕೆಂಪುಪಟ್ಟೆಯವು ಇನ್ನೂರ ಮೂವತ್ತೊಂದು. ನಮ್ಮ ಕಲ್ಲಾಮೆ ಎರಡೇ ಎರಡು. ಎಡಗಣ್ಣು ಮಂಕಾದದ್ದು ಒಂದೂ ಇಲ್ಲ. ಎಲ್ಲದರ ಕಣ್ಣೂ ಹಳದಿ, ಹೊಳಪು, ಚುರುಕು. ತೊಳೆದರೆ ಇಷ್ಟು ಚುರುಕಾದ ಕಣ್ಣು ಎಂದು ನಾನು ಅಂದುಕೊಂಡಿರಲಿಲ್ಲ.

ಕಿನು ಅಮ್ಮ ಮುಚ್ಚಳಕ್ಕೆ ತೂತು ಹೊಡೆದ ಪ್ಲಾಸ್ಟಿಕ್ ಡಬ್ಬಿ, ಒದ್ದೆ ಟವೆಲ್ ಹಿಡಿದು ಬಂದರು. ಇದ್ದಿದ್ದರಲ್ಲಿ ಒಳ್ಳೆಯ ಕೋಟು ಹಾಕಿಕೊಂಡಿದ್ದರು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋದರು. ಬಗ್ಗಿದರು, ಬ್ರೆಡ್ ತೋರಿಸಿದರು. ಯಾವುದೂ ತಲೆ ಹೊರಗೆ ಹಾಕಲಿಲ್ಲ. ಮೊದಲಿನಿಂದ ಮತ್ತೆ ನೋಡಿದರು.  ಲಾರಿಯವನು ಕೈಗಡಿಯಾರ ನೋಡಿದ.

ನನಗೆ ತಡೆಯಲಾಗಲಿಲ್ಲ. ಹತ್ತಿರದ ಪೆಟ್ಟಿಗೆಯಿಂದ ಮಧ್ಯಮ ಗಾತ್ರದ ಒಂದನ್ನು ಎತ್ತಿದೆ.

"ಇದೇ ಕಿನು ಅಮ್ಮ. ನಿಮ್ಮ ಹತ್ತಿರ ದಿನಾ ಬರ್ತಿದ್ದದ್ದು ಇದೇ. ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೆ. ಕಣ್ಣಿಗೆ ಕೆಸರು ಮೆತ್ತಿತ್ತು ಅಷ್ಟೇ, ತೊಳೆದ ಮೇಲೆ ಸರಿಹೋಯ್ತು."

ಅವರು ಅದನ್ನು ಟವೆಲಿನಲ್ಲಿ ಸುತ್ತಿ ಡಬ್ಬಿಗೆ ಇಟ್ಟು, ಮುಚ್ಚಳ ಹಾಕಿ, ನನ್ನನ್ನು ನೋಡಿದರು.

"ಅಡುಗೆಮನೆ ಕಿಟಕಿಯಿಂದ ಕೆರೆ ಕಾಣಲ್ಲ, ಗುಡಿಯಮ್ಮಾ," ಎಂದರು. "ಪರ್ವಾಗಿಲ್ಲ. ನಂದು ಯಾವ್ದು ಅಂತ ನಂಗೂ ಯಾವತ್ತೂ ಗೊತ್ತಿರ್ಲಿಲ್ಲ. ಬ್ರೆಡ್ಡಿಗೆ ಯಾವ್ದು ಬಂತೋ ಅದು ನಂದು. ಇದೂ ಬ್ರೆಡ್ ತಿನ್ನುತ್ತೆ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹೋಗುವ ಮೊದಲು ಅವರು ಹತ್ತಿರ ಬಂದು ಮೆಲ್ಲಗೆ ಹೇಳಿದರು, "ನೀವು ನಿಮ್ದನ್ನ ಬಿಟ್ಟ ದಿನ ನಾನು ನಿಮ್ಮ ಹಿಂದೇನೇ ನಿಂತಿದ್ದೆ. ನೀವೂ ಒಂದು ಆರಿಸ್ಕೊಳ್ಳಿ. ಯಾವ್ದಾದ್ರೂ ಆಗುತ್ತೆ."

"ನನಗೆ ಇವನ್ನು ಕಂಡರೆ ಹೇಸಿಗೆ," ಎಂದೆ.

"ಗೊತ್ತು," ಎಂದರು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬಸ್ಸಿನ ಕಡೆ ನಡೆದರು.

ಇನ್ನೂರ ಮೂವತ್ತನ್ನು ಲಾರಿ ಒಯ್ದಿತು. ಇವರು ಸಂಜೆ ಊಟದಲ್ಲಿ, "ಮುಂದಿನ ತಿಂಗಳು ಶಾಂತಿಪೂಜೆ ಮಾಡಿಸೋಣ. ಗುಡಿಯಿಂದ ಅಷ್ಟು ಆಗಬೇಕು," ಎಂದರು. ಮತ್ತೆ ಎರಡು ಬಟ್ಟಲು ಸಾರು ಕುಡಿದರು.  ನನ್ನ ಕೂದಲಲ್ಲೆಲ್ಲ ಹೂಳು.

ಅಕ್ಟೋಬರ್ 20, ಭಾನುವಾರ

ಕೆರೆ ಇದ್ದಲ್ಲಿ ಬಿರುಕು ಬಿಟ್ಟ ಹೂಳು. ಮಧ್ಯಾಹ್ನ ಮನಾಬೆ ಫೋನ್ ಮಾಡಿ, ತಂಪು ಕೋಣೆಯಲ್ಲಿ ಇಟ್ಟಿದ್ದಾರೆಂದೂ ನಾಳೆ ಬೆಳಗ್ಗೆ ಫ್ರೀಜರಿಗೆಂದೂ ತಿಳಿಸಿದಳು. ಸುಮ್ಮನೆ ತಿಳಿಸಲು ಮಾಡಿದ್ದು. ನಾನು ಎಷ್ಟು ಗಂಟೆಗೆ ಎಂದು ಕೇಳಿದೆ. ಯಾಕೆ ಕೇಳಿದೆನೋ.

ಅಕ್ಟೋಬರ್ 21, ಸೋಮವಾರ

ಬೆಳಗ್ಗೆ ನಾನು ಮುಂಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದಾಗ ಅತ್ತೆ ಬಂದರು. ಸಾವಿನ ಮನೆಗೆ ಉಡುವ ಕಪ್ಪು ಉಡುಪು, ಕೈಯಲ್ಲಿ ಊರುಗೋಲು.

"ಎಲ್ಲಿಗೆ?" ಎಂದೆ.

"ನೀನು ಹೋಗೋ ಕಡೆಗೇ. ಶೂಕೈ, ಕಾರು ತೆಗಿ."

"ಅಮ್ಮಾ, ಅಲ್ಲಿ ನೀವು ನೋಡಬಾರದ ಕೆಲಸ," ಎಂದರು ಇವರು.

"ನೀರಿಗೆ ಬಿಟ್ಟವಳು ನಾನು. ನೋಡಬಾರದು ಅಂದ್ರೆ ಏನರ್ಥ? ನಿನಗೆ ಆಗದಿದ್ರೆ ಕಾರಲ್ಲೇ ಕೂತಿರು."

ನಗರಸಭೆಯ ಶೆಡ್ಡಿಗೆ ಹೋದ ಮೇಲೆ ಇವರು ನಿಜಕ್ಕೂ ಕಾರಿನ ಪಕ್ಕದಲ್ಲೇ ನಿಂತು, ಶೆಡ್ಡಿನ ಗೋಡೆಗೆ ಮುಖ ಮಾಡಿ ಮಂತ್ರ ಶುರು ಮಾಡಿದರು.

ಒಳಗೆ ಮನಾಬೆ ಒಬ್ಬಳೇ. ಜೊತೆಗೆ ಬರಬೇಕಿದ್ದವನಿಗೆ ಜ್ವರವಂತೆ. ನಮ್ಮಿಬ್ಬರನ್ನೂ ಅತ್ತೆಯ ಉಡುಪನ್ನೂ ನೋಡಿ, ಬಾಗಿಲು ಬಿಟ್ಟು ಸರಿದಳು. ಕೆಲಸ ಹೀಗೆ: ಪೆಟ್ಟಿಗೆಯಿಂದ ಒಂದೊಂದನ್ನೇ ತೆಗೆದು, ಆಕೆ ಉದ್ದ ಅಳೆದು ಬರೆದುಕೊಂಡ ಮೇಲೆ, ಫ್ರೀಜರಿನಲ್ಲಿ ಸಾಲಾಗಿ ಜೋಡಿಸುವುದು. ಚಳಿಗೆ ಎಲ್ಲವೂ ಮಂಕಾಗಿದ್ದವು. ಕಾಲು ಎಳೆದರೆ ಮೆಲ್ಲಗೆ ಒಳಗೆ ಸೇರಿಸಿಕೊಳ್ಳುತ್ತಿದ್ದವು. ಈಗ ನಾತ ಇರಲಿಲ್ಲ, ಬರೀ ಕಬ್ಬಿಣದ, ಫಿನಾಯಿಲಿನ ವಾಸನೆ. ಅದು ಇನ್ನೂ ಅಸಹ್ಯ.

ಅತ್ತೆ ಖಾಲಿ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂತು, ತಾವೇ ಒಂದನ್ನು ಎತ್ತಿ ಮನಾಬೆಗೆ ಚಾಚಿದರು. ಆಕೆ ಅಳೆದಳು. ನಾನು ತೆಗೆದುಕೊಂಡು ಒಳಗಿಟ್ಟೆ.

"ಇವಕ್ಕೆ ಏನೂ ಗೊತ್ತಾಗಲ್ಲ," ಎಂದಳು ಮನಾಬೆ ಸಮಾಧಾನಕ್ಕೆ. "ತಣ್ಣಗಾಗ್ತಾ ಹಾಗೇ ನಿದ್ದೆ ಹೋಗ್ತವೆ."

"ನಿನಗೆ ಯಾವ ಆಮೆ ಬಂದು ಹೇಳ್ತಮ್ಮ?" ಎಂದರು ಅತ್ತೆ.

ಆಕೆ ನನ್ನ ಕಡೆ ತಿರುಗಿ, ಕೈಗವಸು ಹಾಕಿಕೊಳ್ಳಿ ಎಂದಳು. ಮೇಜಿನ ಮೇಲೆ ಇದ್ದವು. ಹಾಕಿಕೊಳ್ಳಲು ಪುರುಸೊತ್ತಾಗಲಿಲ್ಲ. ಐವತ್ತಾಯಿತು, ಅರವತ್ತಾಯಿತು. ಅತ್ತೆಯ ಉಸಿರು ಜೋರಾಯಿತು. ನಾನು ಎತ್ತುತ್ತೇನೆ, ನೀವು ಕೂತಿರಿ ಎಂದರೆ ಕೇಳಲಿಲ್ಲ. ಹೊರಗೆ ಇವರ ಮಂತ್ರ ನಿಂತಿತ್ತು, ಮತ್ತೆ ಶುರುವಾಯಿತು.

ಮನಾಬೆ ಪೆನ್ನಿನ ರೀಫಿಲ್ ಮುಗಿದಿದೆ ಎಂದು ಆಫೀಸಿಗೆ ಹೋದಳು. ಅತ್ತೆಯ ತೊಡೆಯ ಮೇಲೆ ಒಂದು ಆಮೆ ಇತ್ತು. ಅದರ ಚಿಪ್ಪಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು.

"ಹದಿಮೂರು ದಿನ ನೀನು ಅಂಗೈ ಮೇಲೆ ಮಾಡ್ಕೊಂಡು ಮಲಗಿದ್ದೆ," ಎಂದರು. "ಊಟ ತಂದ್ರೆ ಊಟ ಇಲ್ಲ, ನೀರು ತಂದ್ರೆ ನೀರಿಲ್ಲ. ಆ ಖಾಲಿ ಕೈ ನನಗೆ ನೋಡೋಕಾಗ್ಲಿಲ್ಲ. ಏನಾದ್ರೂ ಇಡಬೇಕಿತ್ತು. ನನ್ನ ಹತ್ರ ಇದ್ದದ್ದು ಅದೊಂದೇ."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಬಿಟ್ಟು, ಈ ಜಾಗದಲ್ಲಿ, ಈ ಪ್ರಾಣಿ ತೊಡೆಯ ಮೇಲೆ ಇಟ್ಟುಕೊಂಡು.   ಕೈಚಾಚಿದೆ, ಕೊಡಿ ಎಂದೆ. ಅವರು ಕೊಡಲಿಲ್ಲ.

"ಶೂಕೈ ಏನೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಕೇಳೋ ಧೈರ್ಯ ಇರ್ಲಿಲ್ಲ," ಎಂದರು ಅತ್ತೆ. ನನ್ನ ಮುಖ ನೋಡಲಿಲ್ಲ. "ಗಂಡೋ, ಹೆಣ್ಣೋ?"

ಇಪ್ಪತ್ತೇಳು ವರ್ಷದಲ್ಲಿ ಯಾರೂ ನನ್ನನ್ನು ಈ ಮಾತು ಕೇಳಿರಲಿಲ್ಲ. ಉತ್ತರ ಬಾಯಲ್ಲಿ ಸಿದ್ಧವಾಗಿಯೇ ಇತ್ತು.

"ಹೆಣ್ಣು," ಎಂದೆ.

ಅತ್ತೆ ಹೂಂ ಎಂದು ತಲೆಯಾಡಿಸಿದರು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. ಮನಾಬೆ ಬಂದು ಅಳೆಯುವವರೆಗೂ ನಾನು ಹಿಡಿದುಕೊಂಡೇ ನಿಂತಿದ್ದೆ.